ಕಸಬರಿಗೆ ಹಿಡಿದು ಬಂದ ರಾಣಿ

ನಮ್ಮ ಓಣಿಯ ಹುಲಿಗೆವ್ವ ರಾಣಿಯಾದದ್ದನ್ನು ಕಣ್ಣಾರೆ ಕಂಡವಳು ನಾನು. ಬೇರೆಯವರು ಹೇಳಿದ್ದನ್ನು ನಂಬಬೇಡಿ.

ನಾಟಕ ಸಂಘದ ಕಮಿಟಿಯವರು ಸಭಾಂಗಣದಲ್ಲಿ ಕೂತು ಹಾಡಿನ ನಾಟಕಕ್ಕೆ ಜನರನ್ನು ಆರಿಸುತ್ತಿದ್ದರು. ಅಧ್ಯಕ್ಷ ಗುರುಸಂಗಪ್ಪ ರಾಣಿಯ ಪಾರ್ಟನ್ನು ತನ್ನ ನಾದಿನಿಗೇ ಎತ್ತಿಟ್ಟಿದ್ದ. ಹಾಡಿನ ಸಲುವಾಗಿ ಅಲ್ಲ ಅನ್ನೋದು ಊರಿಗೇ ಗೊತ್ತು. ಆಕೆ ಹಾಡಿದರೆ ಹಾಲು ಕೊಡುವ ಎಮ್ಮೆಯೂ ಒದೆಯುತ್ತದೆ!

ಆಗ, ಅದೇ ಸಭಾಂಗಣದ ಕಸ ಗುಡಿಸುವ ಹುಲಿಗೆವ್ವ, "ನಾನೂ ಹಾಡ್ತೀನ್ರಿ" ಅಂದಳು.

ಗುರುಸಂಗಪ್ಪ ಕುರ್ಚಿಗೆ ಒರಗಿ ನಕ್ಕ. "ರಾಣಿ ಬಂದ್ರ ಇಡೀ ಸಭೆ ಎದ್ದು ನಿಲ್ಲಬೇಕು. ನಿನ್ನ ನೋಡಿ ಯಾರು ಏಳ್ತಾರವ್ವಾ? ನಮ್ಮನ್ನ ಎಬ್ಬಿಸು, ಪಾರ್ಟು ನಿಂದು!"

"ಮಾತಿಗೆ ತಪ್ಪೂದಿಲ್ಲಲ್ರಿ?"

"ಹತ್ತು ಮಂದಿ ಮುಂದ ಹೇಳೇನಿ."

ಹುಲಿಗೆವ್ವ ಮೂಲೆಯಲ್ಲಿದ್ದ ಕಸಬರಿಗೆ ತಗೊಂಡು, ಸೀದಾ ಕಮಿಟಿಯವರ ಕಾಲಬುಡಕ್ಕೇ ಗುಡಿಸುತ್ತ ಬಂದಳು. ಕಸಬರಿಗೆ ಮೈಗೆ ತಾಗಿದರೆ ದರಿದ್ರ ಅಂತಾರಲ್ಲ? ಎಲ್ಲರೂ ಹಾರಿ ಎದ್ದರು. ಗುರುಸಂಗಪ್ಪನಂತೂ ಧೋತರ ಮೊಣಕಾಲಿಗೆ ಎತ್ತಿಕೊಂಡು ಎಲ್ಲರಿಗಿಂತ ಮೊದಲೇ ಎದ್ದ!

ಹುಲಿಗೆವ್ವ ಅವನ ಕುರ್ಚಿಯಲ್ಲಿ ಕೂತು, ಹಾರ್ಮೋನಿಯಂ ಮುಂದೆ ಕೂತಿದ್ದ ಪೇಟಿ ಮಾಸ್ತರರಿಗೆ ಶ್ರುತಿ ಹಿಡಿಯಲು ಸನ್ನೆ ಮಾಡಿದಳು.

"ಏಯ್, ಅದು ನನ್ನ ಕುರ್ಚಿ!"

"ರಾಣಿ ಕುಂತಾಗ ಸಭೆ ನಿಂತಿರಬೇಕ್ರಿ, ಅಧ್ಯಕ್ಷರ. ಹಾಡು ಮುಗಿಯೂತನಕ ನಿಲ್ರಿ."

ನಿಂತ. ರಾಣಿ ಬಂದರೆ ಸಭೆ ನಿಲ್ಲಬೇಕು ಅಂತ ಹತ್ತು ಮಂದಿ ಮುಂದೆ ತಾನೇ ಹೇಳಿದ್ದನಲ್ಲ! ಆಕೆಯ ದನಿ ಮೇಲಿನ ತಗಡಿಗೆ ಮುಟ್ಟಿ ಬಂತು. ಆಕೆ ನಮ್ಮ ಓಣಿಯವಳು ಅಂತ ನನ್ನ ಎದೆ ಉಬ್ಬಿತು.

ಹಾಡು ಮುಗಿದೊಡನೆ ಗುರುಸಂಗಪ್ಪ ಕುರ್ಚಿಗೆ ಕೈ ಚಾಚಿದ. ನಾಟಕ ನೋಡಿ ಬೆಳೆದವಳು ನಾನು, ಸುಮ್ಮನಿರ್ತೀನಾ? "ಒನ್ಸ್ ಮೋರ್!" ಅಂತ ಕೂಗಿದೆ.

ಪಾಪ, ಮತ್ತೆ ನಿಂತ.