ಒಡ್ಡೋಲಗದ ಮಾರನೇ ದಿನ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಕಂಚಲೆಯ ಮೂರು ಒಗಟು ಬಿಡಿಸಿದವನೇ ಅರಮನೆ ಅಳಿಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ. ಯಾರೂ ಬಿಡಿಸದಿದ್ದರೆ ಆಕೆಯ ಕಾಯಿಲೆ ಬರೀ ನಾಟಕ, ಆಕೆಗೆ ಗಡೀಪಾರು!"

ಜ್ವರ ಬಂದು ಹೋದಾಗಿನಿಂದ ಕಂಚಲೆಗೆ ಸುಸ್ತು ಬಿಟ್ಟಿರಲಿಲ್ಲ. ಆಡುತ್ತಿದ್ದ ಮಾತು ನಡುವೆಯೇ ಮರೆತುಹೋಗುತ್ತಿತ್ತು. ರಾಜನಿಗೋ ಗುಮಾನಿ. ಒಡ್ಡೋಲಗದ ದಿನ ಪಟಪಟ ಮಾತಾಡ್ತಾಳೆ, ಇದೆಂಥ ಕಾಯಿಲೆ? ನನ್ನ ಒಗಟು ಬಿಡಿಸಿದವನಿಗೇ ನನ್ನ ಕಾಯಿಲೆ ತಿಳಿಯೋದು ಅಂದಿದ್ದಳು ಆಕೆ.

ಡಂಗೂರ ಕೇಳಿ ನೇಕಾರರ ಕೊಟ್ರ ಚಾಪೆಯಿಂದ ಎದ್ದು ಕೂತ. ಅದೇ ಜ್ವರ ಅವನನ್ನೂ ಮಗ್ಗದಿಂದ ಎಬ್ಬಿಸಿತ್ತು. ಊರವರು ಇಟ್ಟ ಹೆಸರು ಮೈಗಳ್ಳ. ಆ ಹುಡುಗಿಯೂ ಹಾಗನ್ನಿಸಿಕೊಂಡು ಗಡಿ ದಾಟಬೇಕಾ? ಸಿಕ್ಕ ಮರಕ್ಕೆಲ್ಲ ಒರಗುತ್ತ ಅರಮನೆಗೆ ಹೊರಟ.

ಸಭೆಯಲ್ಲಿ ಕಂಚಲೆ ಕೇಳಿದಳು: "ರಾತ್ರಿಯೆಲ್ಲ ಮಲಗಿ ಎದ್ದರೂ ಇಳಿಯದ ಹೊರೆ ಯಾವುದು?"

"ಕಿರೀಟ!" ಅಂದ ಒಬ್ಬ ರಾಜಕುಮಾರ. ಭಟರು ಸೆರೆಮನೆಗೆ ಎಳೆದೊಯ್ದರು.

"ಹೆಂಡತಿ!" ಅಂದ ಇನ್ನೊಬ್ಬ, ಹೆಣ್ಣು ಕೇಳೋಕೆ ಬಂದವನೇ! ಅವನನ್ನೂ ಎಳೆದೊಯ್ದರು.

"ದಣಿವು, ಅಮ್ಮಣ್ಣಿ," ಅಂದ ಕೊಟ್ರ.

ಕಂಚಲೆ ತಲೆಯಾಡಿಸಿ ಎರಡನೆಯದು ಕೇಳಿದಳು: "ಮನೆಯಲ್ಲೇ ಇರ್ತಾನೆ, ಕರೆದರೆ ಬರೋದಿಲ್ಲ. ಕರೆಯೋದು ಬಿಟ್ಟರೆ ತಾನೇ ಬಂದು ಕೂರ್ತಾನೆ. ಯಾರು?"

"ಮರೆತುಹೋದ ಮಾತು."

ದಳವಾಯಿ ಎದ್ದು ನಿಂತ. "ಪ್ರಭು, ಇದರಲ್ಲೇನೋ ಮಸಲತ್ತಿದೆ. ದಾಸಿಯರು ಇವನ ಕಿವಿ ಊದಿದ್ದಾರೆ!" ಭಟರು ಕೊಟ್ರನ ಪಂಚೆ ಕೊಡವಿದರು, ಕಿವಿಯೊಳಗೂ ಇಣುಕಿದರು. ಸಿಕ್ಕಿದ್ದು ಒಂದು ಹತ್ತಿ ಎಳೆ.

ಕಂಚಲೆ ಮೂರನೆಯದು ಕೇಳಿದಳು: "ಇವತ್ತು ನಗುತ್ತಾ ಜೊತೆಗಿರ್ತದೆ, ನಾಳೆ ಬಡಿಗೆ ಹಿಡಿದು ಬರ್ತದೆ. ಏನದು?"

ಕೊಟ್ರನ ತಲೆಯೊಳಗೆ ಮಂಜು ಕವಿಯಿತು. ಉತ್ತರ ಗೊತ್ತು, ನಾಲಿಗೆಗೆ ಬರಲೊಲ್ಲದು. ತಲೆ ಕಡಿಯುವವನು ಕತ್ತಿ ಒರೆಸಿದ.

"ಪ್ರಭು, ಉತ್ತರ ನಾಳೆ ತೋರಿಸ್ತೀನಿ. ಅಲ್ಲೀತನಕ ತಲೆ ನನ್ನ ಹತ್ರಾನೇ ಇರ್ಲಿ."

"ಓಡಿಹೋಗೋ ಉಪಾಯ!" ಅಂದ ದಳವಾಯಿ.

"ಓಡೋ ಶಕ್ತಿ ಇದ್ದಿದ್ರೆ ಊರಲ್ಲಿ ಮೈಗಳ್ಳ ಅನ್ನಿಸ್ಕೊತಿದ್ನಾ ಬುದ್ಧೀ?"

ರಾಜನಿಗೆ ನಂಬಿಕೆಯಿಲ್ಲ, ಆದರೂ ಒಪ್ಪಿದ.

ಮಾರನೇ ದಿನ ಕೊಟ್ರ ಅವನನ್ನು ಮಗಳ ಕೋಣೆಗೆ ಕರೆದೊಯ್ದ. ಇಲ್ಲಿಯವರೆಗೆ ಯಾವ ಒಡ್ಡೋಲಗದ ಮರುದಿನವೂ ರಾಜ ಅತ್ತ ಕಾಲಿಟ್ಟದ್ದೇ ಇಲ್ಲ. ಕಿಟಕಿ ಮುಚ್ಚಿದ ಕತ್ತಲಲ್ಲಿ ಕಂಚಲೆ ಬಿದ್ದಿದ್ದಳು. ರಾಜ ಅನುಮಾನದಲ್ಲೇ ದೀಪ ಎತ್ತಿ ಹಿಡಿದ. "ಇದೇನು ಹೇಳು."

"ಅದು... ಬೆಳಗೋದು... ಅಪ್ಪಾಜಿ, ಹೆಸರೇ ಬರ್ತಿಲ್ಲ." ಕಣ್ಣು ಮುಚ್ಚಿಕೊಂಡು ಅತ್ತಳು.

"ನಿನ್ನೆಯ ದುಡಿಮೆ, ಪ್ರಭು," ಅಂದ ಕೊಟ್ರ. "ಅದೇ ಉತ್ತರ. ನಿನ್ನೆ ಸಭೆಯಲ್ಲಿ ಕೂತು ಮಾತಾಡಿದ್ದಕ್ಕೆ ಇವತ್ತು ಈ ಪೆಟ್ಟು. ನಿದ್ದೆ ಮಾಡಿದ್ರೂ ದಣಿವು ಇಳಿಯಲ್ಲ, ಕರೆದ್ರೂ ಮಾತು ಬರಲ್ಲ. ಬಾಯಲ್ಲಿ ಹೇಳಿದ್ರೆ ನೀವು ನಂಬ್ತಿದ್ರಾ?"

ರಾಜ ದೀಪ ಆರಿಸಿ ಮಗಳ ಪಕ್ಕ ನೆಲದ ಮೇಲೇ ಕೂತ.

ತಪ್ಪು ಹೇಳಿದ ಇಬ್ಬರನ್ನೂ ಕಂಚಲೆ ಬಿಡಿಸಿದಳು. ತಲೆ ಉಳಿದ ಖುಷಿಗೆ ಮದುವೆಯಲ್ಲಿ ಎಲೆ ಹಾಕಿ ಬಡಿಸಿದ್ದೂ ಅವರೇ. ತಾಳಿ ಕಟ್ಟಿದ ಮೇಲೂ ಪುರೋಹಿತರ ಮಂತ್ರ ನಿಲ್ಲಲಿಲ್ಲ. ಕೊನೆಗೆ ರಾಜನೇ ಎದ್ದು ಬಾಗಿಲ ಪರದೆ ಸರಿಸಿ ಹಿಡಿದ.

"ಸಾಕು ಸ್ವಾಮಿ. ಮಕ್ಕಳು ಮಲಗಲಿ."