ಕೈ ದಾಟಿ ಹೋಗುವ ರೊಕ್ಕ

ಬಸ್‌ಸ್ಟ್ಯಾಂಡ್ ಮುಂದೆ ಮಿರ್ಚಿ ಕರಿಯುವ ಶಾವಂತ್ರೆವ್ವನನ್ನು ರೇಷನ್ ಕಾರ್ಡಿನ ತನಿಖೆಗೆಂದು ತಾಲೂಕು ಕಚೇರಿಗೆ ಕರೆಸಿದರು.

"ದಿನಾ ಎರಡು ಸಾವಿರದ ವ್ಯಾಪಾರ. ಅಂದ್ರೆ ವರ್ಷಕ್ಕೆ ಏಳು ಲಕ್ಷ ಆದಾಯ! ನಿನಗ್ಯಾಕೆ ಬಡವರ ಕಾರ್ಡು?" ಎಂದು ಸಾಹೇಬರು ಪೆನ್ನೆತ್ತಿದರು.

"ಸಾಹೇಬ್ರ, ನಿಮ್ಮ ಕೈಯಿಂದ ತಿಂಗಳಿಗೆ ಮುದುಕರಿಗೆಲ್ಲ ಎಷ್ಟು ಪಿಂಚಣಿ ಹೋಗತೈತ್ರಿ?"

"ಎರಡು ಕೋಟಿ," ಎಂದು ಸಾಹೇಬರು ಬೀಗಿದರು.

"ಅಯ್ಯ, ಹಂಗಾರ ನೀವು ಕೋಟ್ಯಧೀಶರಾದ್ರಲ್ರಿ!"

"ಹುಚ್ಚೀ, ಅದು ಕೈ ದಾಟಿ ಹೋಗೋ ರೊಕ್ಕ. ನನ್ನದಲ್ಲ."

"ನಂದೂ ಹಂಗರಿ. ಎಣ್ಣಿ, ಕಡ್ಲಿಹಿಟ್ಟು, ಗ್ಯಾಸಿಗೆ ದಾಟಿ ಹೋಗತೈತಿ. ಉಳಿಯೋದು ದಿನಕ್ಕ ಇನ್ನೂರೈವತ್ತು. ಅದನ್ನ ಬರ್ಕೋರಿ, ಒಂದು ರೂಪಾಯಿನೂ ಮುಚ್ಚಿಟ್ಟಿಲ್ಲ."

ಗುಮಾಸ್ತರು ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕೆಂಪಾಯಿತು. ಏಳು ಲಕ್ಷ ಹೊಡೆದುಹಾಕಿ ಅವಳು ಹೇಳಿದ್ದನ್ನೇ ಬರೆದರು.

ಗೆದ್ದೆನೆಂದು ಹೊರಬಂದರೆ, ಪಕ್ಕದ ಮಿರ್ಚಿ ಗಾಡಿಯ ನೀಲವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಅದೇ ಲೆಕ್ಕ ಹಾಕಿ ಬೆಳಿಗ್ಗೆಯೇ ಅವಳ ಕಾರ್ಡು ರದ್ದು ಮಾಡಿದ್ದರು.

"ನಂಗ ಮಾತ ಹೊಳೀಲಿಲ್ಲವ್ವಾ. ಹೆಬ್ಬೆಟ್ಟು ಒತ್ತಿಬಿಟ್ಟೆ."

ಶಾವಂತ್ರೆವ್ವ ಅವಳ ಕೈಹಿಡಿದು ಒಳಗೆ ಓಡಿದಳು. ಸಾಹೇಬರು ತಲೆಯೆತ್ತಲಿಲ್ಲ. "ಆದೇಶ ಹೋಗಿದೆ. ಇನ್ನು ಹೊಸ ಅರ್ಜಿ ಹಾಕಿ ಕಾಯಬೇಕು."

ಬೆಳಿಗ್ಗೆ ಕಚೇರಿಗೆ ಹೊರಟ ನೀಲವ್ವ "ನನ್ನ ಜೋಡಿ ಬಾರವ್ವ" ಎಂದು ಕರೆದಿದ್ದಳು. "ಇನ್ನೊಂದು ಬುಟ್ಟಿ ಕರಿದು ಬರತೀನಿ, ನೀ ನಡಿ" ಎಂದಿದ್ದವಳು ಶಾವಂತ್ರೆವ್ವನೇ.

ಈಗ ಯಾರಿಗೆ ಕಚೇರಿಯ ಕರೆ ಬಂದರೂ ಶಾವಂತ್ರೆವ್ವ ಮೊದಲು ಒಲೆ ಆರಿಸಿ ಅವರ ಜೋಡಿ ನಡೆಯುತ್ತಾಳೆ.