ಹತ್ತು ಲಕ್ಷದ ಒಂಬತ್ತು

ವರದಾ ನದಿಯ ದಂಡೆಯಲ್ಲಿ ರುದ್ರರಾಶಿಗಳು ಗಣಿತ ಕಲಿಸುತ್ತಿದ್ದರು.

ಅವರಿಗೆ ಹೆಸರು ತಂದದ್ದು ಒಂದು ಸಂಖ್ಯೆ: ಹತ್ತು ಲಕ್ಷದ ಒಂಬತ್ತು. ಅದು ಅವಿಭಾಜ್ಯ, ಒಂದು ಮತ್ತು ತಾನು ಎಂಬೆರಡನ್ನು ಬಿಟ್ಟು ಬೇರೆ ಯಾವುದೂ ಅದನ್ನು ಶೇಷವಿಲ್ಲದೆ ಭಾಗಿಸದು ಎಂದು ಅವರು ಮೂವತ್ತು ವರ್ಷದ ಹಿಂದೆ ಸಾರಿದ್ದರು. ಗುರುಗಳೇ ಹೇಳಿದ ಮೇಲೆ ಮುಗಿಯಿತು. ಈಗಿನ ಶಿಷ್ಯರಲ್ಲಿ ಯಾರೂ ಭಾಗಿಸಿ ನೋಡಿರಲಿಲ್ಲ.

ಚಾಗಲೆ ನೋಡಿದಳು. ಅನುಮಾನದಿಂದಲ್ಲ, ಭಕ್ತಿಯಿಂದ. ಗಂಡನನ್ನೂ ಮಗಳನ್ನೂ ಒಂದೇ ವಾರದಲ್ಲಿ ಮಣ್ಣು ಮಾಡಿ ಆಶ್ರಮ ಸೇರಿದವಳು ಅವಳು. ಒಡೆಯದೆ ಉಳಿಯುವಂಥದ್ದು ಲೋಕದಲ್ಲಿ ಒಂದಾದರೂ ಇದೆಯಲ್ಲ ಎಂದು ಆ ಸಂಖ್ಯೆಯನ್ನು ಅಪ್ಪಿಕೊಂಡಿದ್ದಳು.

ದಿನಕ್ಕೊಂದು ಅವಿಭಾಜ್ಯದಂತೆ, ಮರಳಿನ ಮಣೆಯ ಮೇಲೆ ಎರಡರಿಂದ, ಮೂರರಿಂದ, ಐದರಿಂದ, ಏಳರಿಂದ ಭಾಗಿಸುತ್ತ ಬಂದಳು. ಪ್ರತಿ ಸಲವೂ ಏನಾದರೂ ಶೇಷ ಉಳಿಯುತ್ತಿತ್ತು. ಪ್ರತಿ ಸಲವೂ ಅವಳಿಗೆ ಸಮಾಧಾನ.

ಅರವತ್ತೆರಡನೆಯ ದಿನ ಇನ್ನೂರ ತೊಂಬತ್ತಮೂರರ ಸರದಿ. ಏನೂ ಉಳಿಯಲಿಲ್ಲ.

ಮರಳು ಸವರಿ ಮತ್ತೆ ಮಾಡಿದಳು. ಮತ್ತೂ ಮಾಡಿದಳು. ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗುರುಗಳ ಮುಂದೆ ಮಣೆಯಿಟ್ಟು ಕೂತಳು.

"ಗುರುಗಳೇ, ನನ್ನ ಲೆಕ್ಕ ತಪ್ಪು ಅನ್ನಿ."

ಗುರುಗಳು ಇನ್ನೂರ ತೊಂಬತ್ತಮೂರನ್ನು ಅವಳಿಗೆ ಬಂದಿದ್ದ ಭಾಗಲಬ್ಧ ಮೂರು ಸಾವಿರದ ನಾನೂರ ಹದಿಮೂರರಿಂದ ಗುಣಿಸಿದರು. ಗುಣಲಬ್ಧ ಹತ್ತು ಲಕ್ಷದ ಒಂಬತ್ತೇ ಬಂತು.

"ತಪ್ಪಿಲ್ಲ," ಎಂದರು. "ಬೊಪ್ಪಣ್ಣನೂ ಇದನ್ನೇ ಹೇಳಿದ್ದ."

"ಯಾರು ಬೊಪ್ಪಣ್ಣ?"

"ನನ್ನ ಮೊದಲ ಶಿಷ್ಯ. ತುಂಬಿದ ಸಭೆಯಲ್ಲಿ ಎದ್ದು ನಿಂತು, ಇದು ಒಡೆಯುತ್ತದೆ, ಗುಣಿಸಿ ತೋರಿಸಲಾ ಅಂದ. ಅವನ ಮಣೆಯನ್ನು ಒದ್ದೆ. ಗುರುದ್ರೋಹಿ ಅಂದೆ. ಅಂದೇ ಹೊಳೆ ದಾಟಿ ಹೋದ. ಆಮೇಲೆ ಯಾವ ಊರಿನವರೂ ಅವನ ಹತ್ತಿರ ಮಕ್ಕಳನ್ನು ಕಲಿಯಲು ಕಳಿಸಲಿಲ್ಲವಂತೆ."

ಗುರುಗಳು ಎದ್ದರು. ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು, ಮರಳು ಚೆಲ್ಲುತ್ತಿದ್ದರೂ ಲೆಕ್ಕಿಸದೆ ಹೊಳೆಯ ಕಡೆ ನಡೆದರು. ಚಾಗಲೆ ಹಿಂದೆಯೇ ಓಡಿದಳು.

"ಬೊಪ್ಪಣ್ಣನ ಊರಿಗೆ ಬಿಡಪ್ಪ," ಎಂದರು ಅಂಬಿಗನಿಗೆ. "ಅವನೆದುರು ಕೂತು ಗುಣಿಸಬೇಕು."

ಅಂಬಿಗ ಹುಟ್ಟು ಕೆಳಗಿಟ್ಟ.

"ಲೆಕ್ಕದ ಬೊಪ್ಪಣ್ಣೋರಾ ಬುದ್ಧೀ? ಹೋದ ಮಾಗಿಯಲ್ಲೇ ತೀರಿಕೊಂಡರಲ್ಲ. ಹಿಂದೆ ಮುಂದೆ ಯಾರೂ ಇರಲಿಲ್ಲ. ನಾವೇ ನಾಲ್ಕು ಜನ ಹೊತ್ತೆವು."

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತರು. ತಾನು ಭಾಗಿಸದೇ ಇದ್ದಿದ್ದರೆ ಎಂದು ಚಾಗಲೆಗೆ ಅನ್ನಿಸಿತು. ಹೋದ ವರ್ಷವೇ ಭಾಗಿಸಿದ್ದರೆ ಎಂದೂ ಅನ್ನಿಸಿತು. ಅದು ಇನ್ನೂ ಕಷ್ಟವಾಯಿತು.

"ಈಗಲಾದರೂ ತಿದ್ದಿದಿರಲ್ಲ, ಗುರುಗಳೇ," ಎಂದಳು ಕೊನೆಗೆ.

"ಲೆಕ್ಕ ತಿದ್ದಿದೆ, ತಾಯಿ. ತಪ್ಪು ತಿದ್ದುವುದಕ್ಕೆ ಅವನು ಬೇಕಾಗಿತ್ತು."